ಕಾಡಿನ ಕೂಲಿ ಯಾರ ಲೆಕ್ಕ?

1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಕಾನೂನಿನ ಭಾಷೆಯಲ್ಲಿ ಅದಕ್ಕೆ ಎರಡನೆಯ ಪರಿಶಿಷ್ಟ ಎಂದು ಹೆಸರು. ಕೆಲಸದಲ್ಲಿ ಪೆಟ್ಟಾದರೆ, ಜೀವ ಹೋದರೆ ಪರಿಹಾರ ಕೇಳುವ ಹಕ್ಕು ಯಾವ ಯಾವ ಕೆಲಸದವರಿಗೆ ಇದೆ ಎಂದು ಹೇಳುವ ಪಟ್ಟಿ ಅದು. ಕಾರ್ಖಾನೆ, ಗಣಿ, ಹಡಗು, ಕಟ್ಟಡ ಎಂದು ಸಾಗುತ್ತಾ ಹೋಗಿ ಒಂದು ಕಡೆ ಅದು ಕಾಡಿಗೆ ಬರುತ್ತದೆ. ಈಚಲು, ತಾಳೆಯಂಥ ಮರಗಳಿಂದ ರಸ ಇಳಿಸುವವರು, ಮರ ಕಡಿಯುವವರು, ದಿಮ್ಮಿ ಮಾಡುವವರು, ಹೊಳೆಯಲ್ಲಿ ಮರ ಸಾಗಿಸುವವರು, ಕಾಡಿನ ಬೆಂಕಿಯನ್ನು ತಡೆಯುವವರು, ಆರಿಸುವವರು, ಇವರೆಲ್ಲ ಒಂದೇ ಸಾಲಿನಲ್ಲಿದ್ದಾರೆ. ಅದರ ಕೆಳಗಿನ ಸಾಲಿನಲ್ಲಿ ಆನೆ ಮತ್ತಿತರ ಕಾಡುಪ್ರಾಣಿಗಳನ್ನು ಹಿಡಿಯುವ ಕೆಲಸದವರು.

ಮೊದಲ ಸಲ ಓದಿದಾಗ ಯಾರೋ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಒಂದು ಸುತ್ತು ಹಾಕಿ ಬಂದು ಈ ಸಾಲು ಬರೆದಿರಬೇಕು ಅನ್ನಿಸಿತು. ಹೊಳೆಯಲ್ಲಿ ಮರ ತೇಲಿಸುವುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಈ ನಾಲ್ಕು ತಾಲ್ಲೂಕುಗಳಲ್ಲಿ ಜನ ಮಾಡಿಕೊಂಡು ಬಂದ ಕೆಲಸವೇ. ಈ ಸೀಮೆಯ ಕಾಡಿನ ದುಡಿಮೆಯ ಚರಿತ್ರೆ ನನ್ನ ಪಿಎಚ್.ಡಿ. ಅಧ್ಯಯನದ ವಿಷಯ. ಕಾಡಿನ ಕೆಲಸ ಅಪಾಯದ್ದು ಎಂದು ಕಾನೂನಿಗೆ ಇಷ್ಟು ಸ್ಪಷ್ಟವಾಗಿ ಗೊತ್ತಿದ್ದ ಮೇಲೂ ಆ ಕೆಲಸದಲ್ಲಿ ಕೈಕಾಲು ಕಳೆದುಕೊಂಡವರ ಮನೆಗೆ ಪರಿಹಾರ ತಲುಪಿದ್ದು ಯಾಕೆ ಇಷ್ಟು ಅಪರೂಪ ಎಂಬುದು ನನ್ನನ್ನು ಬಿಡದ ಪ್ರಶ್ನೆ. ಹುಡುಕುತ್ತಾ ಹೋದಂತೆ ನನಗೆ ಸಿಕ್ಕ ಉತ್ತರ ಬೂಟು, ಹೆಲ್ಮೆಟ್ಟು, ಔಷಧಿ ಪೆಟ್ಟಿಗೆಗಳಿಗಿಂತ ಹಿಂದಕ್ಕೆ ಹೋಗುತ್ತದೆ. ಆ ಕೆಲಸ ಮಾಡಿದವನ ಹೆಸರು ಯಾವ ಪುಸ್ತಕದಲ್ಲಿ ಬರೆದಿದೆ, ಬರೆದವರು ಯಾರು ಎಂಬಲ್ಲಿಗೆ ಅದು ಹೋಗಿ ನಿಲ್ಲುತ್ತದೆ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ನೆಲ ಮಲೆನಾಡಿನಂಥ ಕಾಡಲ್ಲ. ಬಂಡೆಗಳ ನಾಡು ಇದು. ಸಾವನದುರ್ಗ, ರಾಮದೇವರ ಬೆಟ್ಟ, ಹಂದಿಗುಂದಿ, ಕಬ್ಬಾಳು ಎಲ್ಲವೂ ಬೋಳು ಕಲ್ಲಿನ ಬೆಟ್ಟಗಳೇ. ಅವುಗಳ ಬುಡದಲ್ಲಿ ಬಿದಿರು, ಬೇಟೆಸೊಪ್ಪು, ಜಾಲಿ, ಲಂಟಾನ ತುಂಬಿದ ಕುರುಚಲು. ಬೇಸಿಗೆಯಲ್ಲಿ ಎಲೆ ಉದುರಿಸಿ ಒಣಗಿ ನಿಲ್ಲುವ ಕಾಡು. ದಕ್ಷಿಣಕ್ಕೆ ಹೋದಂತೆ ಕನಕಪುರ ತಾಲ್ಲೂಕಿನ ಅಂಚು ಕಾವೇರಿ ಕಣಿವೆಗೆ ಇಳಿಯುತ್ತದೆ. ಅಲ್ಲಿ ಮುಗ್ಗೂರು, ಸಂಗಮ, ಮೇಕೆದಾಟು, ಆನೆಗಳ ರಾಜ್ಯ. ನೋಡಲು ಬಡಕಲಾದ ಈ ಕಾಡೇ ಬೆಂಗಳೂರಿಗೆ ನೂರಾರು ವರ್ಷ ಸೌದೆ, ಇದ್ದಿಲು, ಬಿದಿರು, ಹುಣಸೆ, ಜೇನು ಕೊಟ್ಟಿದೆ. ಕೊಟ್ಟದ್ದನ್ನು ಕಡಿದು ಹೊತ್ತವರ ಕುರುಹು ಮಾತ್ರ ದಾಖಲೆಯಲ್ಲಿ ತುಂಬ ತೆಳುವಾಗಿದೆ.

*

ಮಾಗಡಿ ಕಾಡಿನ ಕೆಲಸಗಾರರು ಇಂಗ್ಲಿಷರ ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು ಒಂದು ಯುದ್ಧದ ನಡುವೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ವಶದಲ್ಲಿದ್ದ ಸಾವನದುರ್ಗಕ್ಕೆ ಮುತ್ತಿಗೆ ಹಾಕಿತು. ಆ ಕೋಟೆಗೆ ಕಲ್ಲಿನ ಗೋಡೆಗಿಂತ ದೊಡ್ಡ ಕಾವಲು ಸುತ್ತಲಿನ ಬಿದಿರು ಕಾಡು. ಫಿರಂಗಿಗಳನ್ನು ಬಂಡೆಯ ಬುಡಕ್ಕೆ ಎಳೆದೊಯ್ಯಲು ಆ ಕಾಡಿನೊಳಗೆ ದಾರಿ ಕಡಿಯಬೇಕಾಯಿತು. ದಿನಗಟ್ಟಲೆ ನಡೆದ ಕೆಲಸ ಅದು. ಡಿಸೆಂಬರ್ 21ರಂದು ಕೋಟೆ ಬಿತ್ತು. ಯುದ್ಧದ ಕಥನಗಳು ಹತ್ತಿದವರ, ಗೆದ್ದವರ ವಿಷಯವನ್ನು ಹೇಳುತ್ತವೆ. ಈ ಕಾಡಿನ ಗಾಳಿಯೇ ರೋಗದ್ದು, ಬೆಟ್ಟದ ಹೆಸರೇ ಸಾವಿನದು ಎಂದೂ ಹೇಳುತ್ತವೆ. ಬಿದಿರು ಮೆಳೆಯೊಳಗೆ ಕತ್ತಿ ಹಿಡಿದು ನುಗ್ಗಿದವರು ಅವುಗಳಲ್ಲಿ ಒಂದು ಗುಂಪು ಮಾತ್ರ. ಬಿದಿರು ಕಡಿದು ಗೊತ್ತಿರುವವರಿಗೆ ಇದು ಎಂಥ ಕೆಲಸ ಎಂದು ತಿಳಿದಿರುತ್ತದೆ. ಬಾಗಿ ನಿಂತ ಗಳು ಕಡಿದ ಕ್ಷಣ ಬಿಲ್ಲಿನಂತೆ ಚಿಮ್ಮುತ್ತದೆ. ಸೀಳಿದ ಅಂಚು ಕತ್ತಿಗಿಂತ ಹರಿತ.

ಒಂಬತ್ತು ವರ್ಷದ ಮೇಲೆ, ಟಿಪ್ಪು ಮಡಿದು ಸೀಮೆ ಕೈಬದಲಾದ ನಂತರ, ಫ್ರಾನ್ಸಿಸ್ ಬುಕಾನನ್ ಇದೇ ದಾರಿಯಲ್ಲಿ ಬಂದ. 1800ರಲ್ಲಿ ಕಂಪನಿ ಸರ್ಕಾರಕ್ಕಾಗಿ ಮೈಸೂರು ಸೀಮೆಯನ್ನು ಸುತ್ತಿ, 1807ರಲ್ಲಿ ಮೂರು ಸಂಪುಟಗಳ ಪ್ರವಾಸ ಕಥನ ಪ್ರಕಟಿಸಿದ ಈ ವೈದ್ಯ ಲೆಕ್ಕದ ಮನುಷ್ಯ. ಮಾಗಡಿ ಸುತ್ತಲಿನ ಕಾಡಿನ ಮರಗಳನ್ನು ಹೆಸರು ಹೇಳಿ ಪಟ್ಟಿ ಮಾಡಿದ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುವವರನ್ನು ಕಂಡ. ಕಬ್ಬಿಣ ಕರಗಿಸುವ ಕುಲುಮೆಗಳಲ್ಲಿ ಎಷ್ಟು ಆಳು ದುಡಿಯುತ್ತಾರೆ, ಇದ್ದಿಲು ಸುಡುವವರೆಷ್ಟು, ಬಂದದ್ದರಲ್ಲಿ ಯಾರ ಪಾಲು ಎಷ್ಟು ಎಂದು ಬರೆದುಕೊಂಡ. ಕಾಡಿನ ದುಡಿಮೆಯನ್ನು ಆಳಿನ ಲೆಕ್ಕದಲ್ಲಿ ನೋಡುವ ಇಂಥ ಬರವಣಿಗೆ ಮುಂದೆ ಅಪರೂಪವಾಯಿತು.

1864ರಲ್ಲಿ ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಶುರುವಾಯಿತು. ಅಲ್ಲಿಂದ ಮುಂದಕ್ಕೆ ಕಾಡಿನ ಬಗ್ಗೆ ಕಾಗದಕ್ಕೇನೂ ಬರವಿಲ್ಲ. ವರ್ಷ ವರ್ಷವೂ ಆಡಳಿತ ವರದಿ. ಅಂದಿನ ಅರಣ್ಯ ವರದಿಗಳ ಚೌಕಟ್ಟನ್ನು ಒಮ್ಮೆ ನೋಡಿದರೆ ಸಾಕು: ಗಡಿ ಗುರುತು, ಬೆಂಕಿಯಿಂದ ರಕ್ಷಣೆ, ದನ ಮೇಯಿಸುವಿಕೆ, ಅರಣ್ಯ ಅಪರಾಧಗಳು, ನೆಡುತೋಪು, ಮರದ ಉತ್ಪನ್ನ, ಶ್ರೀಗಂಧ, ಆದಾಯ, ವೆಚ್ಚ. ಕಾಡಿನಲ್ಲಿ ಏನು ಸುಟ್ಟಿತು, ಏನು ಕಡಿಯಲಾಯಿತು, ಏನು ಕದ್ದರು, ಎಷ್ಟು ರೂಪಾಯಿ ಬಂತು ಎಂಬುದಕ್ಕೆಲ್ಲ ಒಂದೊಂದು ಶೀರ್ಷಿಕೆ ಇದೆ. ಕೆಲಸಗಾರ ಅಲ್ಲಿ ವೆಚ್ಚದ ಬಾಬ್ತಿನ ಒಳಗಿದ್ದಾನೆ. ರಾಜ್ಯ ಪತ್ರಾಗಾರದಲ್ಲಿ ಕೂತು ಪುಟ ತಿರುವುವ ನನ್ನಂಥವರು ಅವನನ್ನು ರೂಪಾಯಿ, ಆಣೆ, ಪೈಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಹೊರತೆಗೆಯಬೇಕು.

ಕಾಡಿನಲ್ಲಿ ಕೆಲಸ ಮಾಡಿಸುವ ರೀತಿ ಎರಡಿತ್ತು. ಒಂದು ಕೂಪಿನ ಪದ್ಧತಿ. ಕಡಿಯಬೇಕಾದ ಕಾಡಿನ ತುಂಡನ್ನು ಹರಾಜು ಹಾಕುವುದು. ಹಿಡಿದ ಗುತ್ತಿಗೆದಾರ ಮೇಸ್ತ್ರಿಯನ್ನು ಹುಡುಕುವುದು. ಮೇಸ್ತ್ರಿ ಊರೂರಿನಿಂದ ಆಳು ಕರೆತರುವುದು. 1876-78ರ ಮಹಾ ಬರದ ಹೊತ್ತಿನಲ್ಲಿ ಪರಿಹಾರ ಕಾಮಗಾರಿಯಾಗಿ ಕೆಲಸ ಕಂಡ ಬೆಂಗಳೂರು-ಮೈಸೂರು ರೈಲು ಹಾದಿ 1881-82ರ ಹೊತ್ತಿಗೆ ರಾಮನಗರ, ಚನ್ನಪಟ್ಟಣಗಳ ಮೇಲೆ ಹಾದುಹೋಯಿತು. ಆ ಕಾಲಕ್ಕೆ ದಕ್ಷಿಣದ ರೈಲು ಎಂಜಿನ್ನುಗಳು ಸೌದೆ ತಿಂದೇ ಓಡುತ್ತಿದ್ದದ್ದು ಹೆಚ್ಚು. ಬೆಳೆಯುತ್ತಿದ್ದ ಬೆಂಗಳೂರಿನ ಒಲೆಗಳಿಗೂ ಸೌದೆಯೇ ಬೇಕು. ಕೂಪು ದೊಡ್ಡದಾದಷ್ಟೂ ಮರ ಬೇಕಾದವನಿಗೂ ಮರ ಕಡಿಯುವವನಿಗೂ ನಡುವಿನ ಅಂತರ ಹೆಚ್ಚಿತು. ಮೇಲಿನವನಿಗೆ ಗುತ್ತಿಗೆದಾರ ಗೊತ್ತು, ಗುತ್ತಿಗೆದಾರನಿಗೆ ಮೇಸ್ತ್ರಿ ಗೊತ್ತು, ಮೇಸ್ತ್ರಿಗೆ ಮಾತ್ರ ಆಳಿನ ಹೆಸರು ಗೊತ್ತು. ಮೇಸ್ತ್ರಿ ಬರೆದಿಡುವವನಲ್ಲ.

ಎರಡನೆಯದು ಕೂಲಿಯೂ ಇಲ್ಲದ ಕೆಲಸ. ಬ್ರಿಟಿಷ್ ಭಾರತದ ಅರಣ್ಯ ಕಾಯ್ದೆಗಳು ಕಾಡಿನಲ್ಲಿ ದನ ಮೇಯಿಸುವ, ಸೌದೆ ತರುವ ಹಕ್ಕು ಪಡೆದವರ ಮೇಲೆ ಒಂದು ಹೊಣೆ ಹೊರಿಸಿದ್ದವು. ಕಾಡಿಗೆ ಬೆಂಕಿ ಬಿದ್ದರೆ ಅವರು ಬಂದು ಆರಿಸಲು ನೆರವಾಗಬೇಕು. ಬರದೆ ಇದ್ದರೆ ದಂಡ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಇಂಥ ಹೊಣೆ ಮುಂದುವರಿಯಿತು. ಊರಿನ ಬೆಂಕಿಯನ್ನು ಊರಿನವರೇ ಆರಿಸುವುದು ಸಹಜವೇ. ಅದು ಕಾನೂನಿನ ಹೊಣೆಯಾದಾಗ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಹಾಗೆ ಬಂದವನು ಕೂಲಿಯಾಳಲ್ಲ. ಬೆಂಕಿಯಲ್ಲಿ ಅವನ ಕಾಲು ಸುಟ್ಟರೆ ಅವನು ಯಾರ ಲೆಕ್ಕ? ಪರಿಶಿಷ್ಟದ ಸಾಲಿನಲ್ಲಿ ಕಾಡಿನ ಬೆಂಕಿ ಆರಿಸುವವರು ಇದ್ದಾರೆ ನಿಜ. ಆದರೆ ಒಬ್ಬ ಮಾಲೀಕನ ಕೆಳಗೆ ಕೆಲಸಕ್ಕೆ ಇದ್ದವರು ಮಾತ್ರ.

*

ಅಪಾಯ ಅಂದರೆ ಏನು ಎಂದು ಕೊಂಚ ಹತ್ತಿರದಿಂದ ನೋಡೋಣ. ಈ ಸೀಮೆಯಲ್ಲಿ ಜನವರಿಯಿಂದ ಏಪ್ರಿಲ್ ತನಕ ಬೆಂಕಿ ಕಾವಲಿನ ಕಾಲ. ಮೊದಲು ಬೆಂಕಿ ರೇಖೆ ತೆಗೆಯುತ್ತಾರೆ. ಕಾಡಿನ ನಡುವೆ ಪಟ್ಟೆಯಂತೆ ಹುಲ್ಲು, ಪೊದೆ ಸವರಿ, ಒಣಗಿದ್ದನ್ನು ಹತೋಟಿಯಲ್ಲಿ ಸುಟ್ಟು, ಈ ಕಡೆಯ ಬೆಂಕಿ ಆ ಕಡೆಗೆ ದಾಟದಂತೆ ಮಾಡುವ ಕೆಲಸ. ಆಮೇಲೆ ಬಂಡೆಯ ಮೇಲೋ ಅಟ್ಟಣೆಯಲ್ಲೋ ಕೂತು ಹೊಗೆ ಕಾಣುತ್ತದೆಯೇ ಎಂದು ನೋಡುತ್ತಿರಬೇಕು. ಕಂಡರೆ ಓಡಬೇಕು. ಹಸಿ ಸೊಪ್ಪಿನ ಕೊಂಬೆಯೇ ಆಯುಧ. ಬಂಡೆ ಬೆಟ್ಟದಲ್ಲಿ ಬೆಂಕಿ ಇಳಿಜಾರಿಗಿಂತ ಏರಿನಲ್ಲಿ ಬೇಗ ಓಡುತ್ತದೆ. ಏರು ಕಡಿದಾದಷ್ಟೂ ಓಟ ಜಾಸ್ತಿ. ಬೆಂಕಿಗಿಂತ ಮೇಲೆ ನಿಂತವನಿಗೆ ಕಾಲಾವಕಾಶ ಇರುವುದಿಲ್ಲ. ಲಂಟಾನದ ಪೊದೆ ಹತ್ತಿಕೊಂಡರೆ ಆಳೆತ್ತರ ಉರಿ. ತಪ್ಪಿಸಿಕೊಳ್ಳುವ ದಾರಿ ಯಾವುದು ಎಂದು ಮೊದಲೇ ನೋಡಿಟ್ಟುಕೊಂಡವನು ಉಳಿಯುತ್ತಾನೆ. ಅದನ್ನು ಕಲಿಸುವವರು ಬೇಕು, ಕಾಲಿಗೆ ಚಪ್ಪಲಿಗಿಂತ ಗಟ್ಟಿಯಾದದ್ದು ಬೇಕು, ಕುಡಿಯಲು ನೀರು ಬೇಕು.

ಮರ ಕಡಿಯುವುದರಲ್ಲೂ ಇಂಥದೇ ಶಾಸ್ತ್ರವಿದೆ. ಮರ ಬೀಳಬೇಕಾದ ಕಡೆಗೆ ಮೊದಲು ಕಚ್ಚು ಹಾಕಿ, ಹಿಂದಿನಿಂದ ಕುಯ್ಯುತ್ತಾ ಬಂದು, ನಡುವೆ ಒಂದು ಪಟ್ಟಿಯಷ್ಟು ಮರವನ್ನು ಕೀಲಿನಂತೆ ಉಳಿಸಬೇಕು. ಆ ಕೀಲು ಮರವನ್ನು ಗುರಿಯತ್ತ ಬಾಗಿಸುತ್ತದೆ. ಅವಸರದಲ್ಲಿ ಅದನ್ನೂ ಕುಯ್ದರೆ ಮರ ತನಗೆ ಬೇಕಾದ ಕಡೆ ಬೀಳುತ್ತದೆ. ಕಡಿಯುವವನ ಹೊರತು ಬೇರೆ ಯಾರೂ ಮರದ ಎತ್ತರದ ಎರಡರಷ್ಟು ದೂರದೊಳಗೆ ಇರಬಾರದು ಎಂಬುದು ಜಗತ್ತಿನ ಕಾಡುಗಳಲ್ಲೆಲ್ಲ ಒಪ್ಪಿತವಾದ ನಿಯಮ. ತುಂಡಿಗೆ ಇಷ್ಟು ಎಂದು ಕೂಲಿ ಕೊಡುವ ಕೂಪಿನಲ್ಲಿ ಎರಡು ಮರದಷ್ಟು ಜಾಗವನ್ನು ಯಾರು ಬಿಡುತ್ತಾರೆ? ಶ್ರೀಗಂಧದ್ದು ಇನ್ನೂ ಬೇರೆ. ಬೇರಿನಲ್ಲೂ ಎಣ್ಣೆ ಇರುವುದರಿಂದ ಅದನ್ನು ಕಡಿಯುವುದಿಲ್ಲ, ಬುಡ ಅಗೆದು ಕೀಳುತ್ತಾರೆ. ಟಿಪ್ಪುವಿನ ಕಾಲದಿಂದ ರಾಜವೃಕ್ಷವಾದ ಈ ಮರಕ್ಕೆ ಕಾವಲು ಕೂತವನಿಗೆ ಕಾಡುಪ್ರಾಣಿಗಿಂತ ಕೊಡಲಿ ಹಿಡಿದು ಬರುವ ಕಳ್ಳನ ಭಯ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1998ರಲ್ಲಿ ಅರಣ್ಯ ಕೆಲಸದ ಸುರಕ್ಷತೆ, ಆರೋಗ್ಯಕ್ಕಾಗಿಯೇ ಒಂದು ಸಂಹಿತೆ ಪ್ರಕಟಿಸಿತು. ಕೆಲಸವನ್ನು ಮೊದಲೇ ಯೋಜಿಸಿ, ಕಲಿತವರಿಂದ ಮಾಡಿಸಿ, ಒಂಟಿಯಾಗಿ ಕಳಿಸಬೇಡಿ, ಕೆಲಸದ ಜಾಗದಲ್ಲೇ ಪ್ರಥಮ ಚಿಕಿತ್ಸೆ ಇರಲಿ, ಪೆಟ್ಟಾದವರನ್ನು ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಇರಲಿ, ಗುತ್ತಿಗೆಯವರಿಗೂ ಇದೇ ನಿಯಮ ಎಂಬುದು ಅದರ ಸಾರ. ಅದೇ ಸಂಘಟನೆ 2001ರಲ್ಲಿ ಕೃಷಿ ಕೆಲಸದ ಸುರಕ್ಷತೆಗೆ ಒಡಂಬಡಿಕೆ ಮಾಡಿದಾಗ ಕಾಡಿನ ಉದ್ದಿಮೆಯನ್ನು ಹೊರಗಿಟ್ಟಿತು. ಸಂಹಿತೆ ಸಲಹೆ, ಒಡಂಬಡಿಕೆಗೆ ಸಹಿ ಹಾಕಿದ ದೇಶ ಅದಕ್ಕೆ ಬದ್ಧ. ಕಾಡಿನ ಕೂಲಿ ಸಲಹೆಯ ಕಡೆಯಲ್ಲಿ ಉಳಿದುಕೊಂಡ.

ಸಾಹಿತ್ಯದ ಓದುಗರಿಗೆ ಈ ಕಾಡು ಬೇರೆ ದಾರಿಯಿಂದ ಪರಿಚಯ. ಬೆಂಗಳೂರಿನ ಕೆನ್ನೆತ್ ಆಂಡರ್ಸನ್ ಬರೆದ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದರು. ಹೈಸ್ಕೂಲಿನಲ್ಲಿ ಅವನ್ನು ಓದಿ ರಾತ್ರಿ ಹೊರಗೆ ಹೋಗಲು ಹೆದರಿದವರಲ್ಲಿ ನಾನೂ ಒಬ್ಬಳು. ಈಗ ಮತ್ತೆ ಓದುವಾಗ ಕಣ್ಣು ಬೇರೆಯವರ ಮೇಲೆ ನಿಲ್ಲುತ್ತದೆ. ಹೆಜ್ಜೆ ಗುರುತು ಹಿಡಿಯುವವನು, ಅರಣ್ಯ ಕಾವಲುಗಾರ, ಬಿದಿರು ಕಡಿಯಲು ಬಂದವರು, ಟಪಾಲು ಒಯ್ಯುವವನು. ನರಭಕ್ಷಕನ ಕತೆ ಶುರುವಾಗಬೇಕಾದರೆ ಮೊದಲು ಇಂಥ ಯಾರೋ ಒಬ್ಬ ಸಾಯಬೇಕು. ಸತ್ತವನು ಕೆಲಸದ ಮೇಲಿದ್ದ ಎಂಬುದು ಬೇಟೆಯ ಕತೆಗೆ ಮುಖ್ಯವಲ್ಲ. ಚರಿತ್ರೆಗೆ ಅದೇ ಮುಖ್ಯ.

*

ಸ್ವಾತಂತ್ರ್ಯ ಬಂದ ಮೇಲೆ ಕಾನೂನಿನ ಬಾಗಿಲುಗಳು ಒಂದೊಂದಾಗಿ ತೆರೆದವು. ಪರಿಹಾರ ಕಾಯ್ದೆಯ 12ನೇ ಕಲಮು ಈ ವಿಷಯದಲ್ಲಿ ತುಂಬ ಉಪಯುಕ್ತ. ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೂ ಅದು ತನ್ನ ಮಾಮೂಲಿ ಕಸುಬಿನ ಭಾಗವಾಗಿದ್ದರೆ ಮೂಲ ಮಾಲೀಕನೇ ಪರಿಹಾರ ಕೊಡಬೇಕು. ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎನ್ನುತ್ತದೆ ಅದು. ಮೇಸ್ತ್ರಿ ಯಾರೆಂದು ಗೊತ್ತಿಲ್ಲದೆ ಇದ್ದರೂ ಕೇಳಲು ಒಂದು ವಿಳಾಸ ಸಿಗುತ್ತದೆ ಎಂದರ್ಥ. ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಕೊಡಬೇಕಾದದ್ದನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12ರ ಬಡ್ಡಿ ಸೇರುತ್ತದೆ. ಮೊತ್ತಕ್ಕೂ ಸೂತ್ರವಿದೆ: ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 2020ರ ಜನವರಿಯಲ್ಲಿ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ರೂಪಾಯಿಗೆ ಏರಿತು. 40 ವರ್ಷದವನಿಗೆ ಆ ಅಂಕಿ 184.17. ಅಂದರೆ 7,500ನ್ನು 184.17ರಿಂದ ಗುಣಿಸಿದರೆ 13,81,275 ರೂಪಾಯಿ. ಕನಕಪುರದ ಒಂದು ಬಡ ಮನೆಗೆ ಮಕ್ಕಳ ಓದು, ಸಾಲ, ಮಾಡು ಎಲ್ಲವನ್ನೂ ನಿಲ್ಲಿಸಿಕೊಳ್ಳಬಲ್ಲ ಹಣ. 2020ರ ಸಾಮಾಜಿಕ ಭದ್ರತಾ ಸಂಹಿತೆ ಈ ಕಾಯ್ದೆಯ ವಿಷಯಗಳನ್ನು ತನ್ನೊಳಗೆ ಸೇರಿಸಿಕೊಂಡಿದೆ.

ಅರಣ್ಯ ಇಲಾಖೆಯೂ ಕಾರ್ಮಿಕ ಕಾನೂನಿನ ಅರ್ಥದಲ್ಲಿ ಉದ್ದಿಮೆಯೇ ಎಂಬ ಪ್ರಶ್ನೆ ಬಹುಕಾಲ ಇತ್ತು. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉದ್ದಿಮೆ ಎಂಬ ಮಾತಿಗೆ ವಿಶಾಲವಾದ ಅರ್ಥ ಕೊಟ್ಟಿತು. 1995ರ ಡಿಸೆಂಬರಿನಲ್ಲಿ ಪುಣೆಯ ಸಾಮಾಜಿಕ ಅರಣ್ಯ ಕೆಲಸಗಾರರ ಪ್ರಕರಣದಲ್ಲಿ, ಗಿಡ ನೆಡಿಸುವ ಇಂಥ ಯೋಜನೆಯ ಕೆಲಸ ರಾಜ್ಯದ ಸಾರ್ವಭೌಮ ಕಾರ್ಯವಲ್ಲ, ಉದ್ದಿಮೆಯೇ ಎಂದಿತು. ವರ್ಷಗಟ್ಟಲೆ ಹಂಗಾಮಿ ಎಂದೇ ದುಡಿಸಿಕೊಂಡದ್ದು ಅನ್ಯಾಯ ಎಂದಿತು. ನಮ್ಮ ಕಡೆಗೂ ಇದು ಸಲ್ಲುವ ಮಾತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಮಾಗಡಿ, ಕನಕಪುರದ ಬಯಲುಗಳಲ್ಲಿ ನೀಲಗಿರಿ ಎದ್ದು ನಿಂತಿತು. ನರ್ಸರಿಗಳಲ್ಲಿ ಪಾಲಿಥೀನ್ ಚೀಲಕ್ಕೆ ಮಣ್ಣು ತುಂಬಿದವರು, ಗುಂಡಿಗೆ ಗಿಡ ಇಟ್ಟವರು ಬಹುಪಾಲು ಹೆಂಗಸರು. ಬಗ್ಗಿದ ಬೆನ್ನು, ಕೀಟನಾಶಕ, ಹುಲ್ಲಿನಲ್ಲಿ ಹಾವು. ಇದನ್ನು ಅಪಾಯದ ಕೆಲಸ ಎಂದು ಯಾರೂ ಕರೆಯಲಿಲ್ಲ.

ಆಮೇಲೆ 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದ ತೀರ್ಪು ಬಂತು. ಅದೂ ಕರ್ನಾಟಕದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳದು. ನೇಮಕಾತಿಯ ನಿಯಮ ಮೀರಿ ಬಂದ ದಿನಗೂಲಿಗಳಿಗೆ ಕಾಯಂ ಆಗುವ ಹಕ್ಕಿಲ್ಲ, ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಸಲಕ್ಕೆ ಮಾತ್ರ ಪರಿಗಣಿಸಬಹುದು ಎಂದು ಸಂವಿಧಾನ ಪೀಠ ಹೇಳಿತು. 2012ರಲ್ಲಿ ರಾಜ್ಯ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ತಂದಾಗ ಪಟ್ಟಿಯಲ್ಲಿ ಹೆಸರಿದ್ದ ಹಳಬರಿಗೆ ಒಂದು ನೆಲೆ ಸಿಕ್ಕಿತು. ಹೊಸದಾಗಿ ಬಂದವರು ಹೊರಗುತ್ತಿಗೆಯ ಕಡೆ ಸರಿದರು. ಕೂಪಿನ ಕಾಲದ ಮೇಸ್ತ್ರಿಯ ಜಾಗದಲ್ಲಿ ಈಗ ಏಜೆನ್ಸಿ ಬಂದಿದೆ.

ಈ ತೀರ್ಪು, ಕಾಯ್ದೆಗಳ ಮಾತು ಒಂದು ಮನೆಯೊಳಗೆ ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತು. ನಮ್ಮ ತಾಯಿಯ ಕಡೆಯ ಹಿರಿಯರೊಬ್ಬರು ಮಾಗಡಿ ಸೀಮೆಯಲ್ಲಿ ಹಲವು ಬೇಸಿಗೆ ಬೆಂಕಿ ಕಾವಲಿಗೆ ಹೋಗಿದ್ದವರು. ಒಂದು ವರ್ಷ ರಾತ್ರಿ ಹೊತ್ತು ಬಂಡೆಯಿಂದ ಜಾರಿ ಮೊಣಕಾಲು ಮುರಿಯಿತು. ಕುರಿ ಮಾರಿ ಆಸ್ಪತ್ರೆಯ ಖರ್ಚು ನೋಡಿಕೊಂಡರು. ಯಾರ ಕೈಕೆಳಗೆ ಕೆಲಸಕ್ಕಿದ್ದಿರಿ ಎಂದು ಕೇಳಿದರೆ ಅವರು ಒಬ್ಬ ಮೇಸ್ತ್ರಿಯ ಹೆಸರು ಹೇಳುತ್ತಾರೆ. ಅವನು ತೀರಿಕೊಂಡು ಬಹಳ ವರ್ಷವಾಯಿತು. ಅಷ್ಟು ಬೇಸಿಗೆಯ ಕೆಲಸಕ್ಕೆ ಅವರ ಬಳಿ ಒಂದು ಚೀಟಿಯೂ ಇಲ್ಲ. 13 ಲಕ್ಷದ ಸೂತ್ರವಾಗಲಿ 12ನೇ ಕಲಮಾಗಲಿ ಕೆಲಸ ಮಾಡಬೇಕಾದರೆ ಮೊದಲು ಅಂಥ ಒಂದು ಚೀಟಿ ಬೇಕು.

*

ಬೆಂಕಿಯ ಜೊತೆಗೆ ಈಗ ಆನೆ ಸೇರಿದೆ. 1987ರಲ್ಲಿ ಕಾವೇರಿ ವನ್ಯಜೀವಿಧಾಮ ಆಯಿತು. ಅತ್ತ ಕಡೆಯಿಂದ ಆನೆಗಳು ಕಬ್ಬಾಳು, ತೆಂಗಿನಕಲ್ಲು ಕಾಡುಗಳ ಮೂಲಕ ಚನ್ನಪಟ್ಟಣ, ರಾಮನಗರದ ತೋಟಗಳಿಗೆ, ಒಮ್ಮೊಮ್ಮೆ ಸಾವನದುರ್ಗದ ತನಕವೂ ಬರುತ್ತವೆ. ರಾಗಿ ತೆನೆ ಕಟ್ಟುವಾಗ, ಮಾವು ಹಲಸು ಹಣ್ಣಾಗುವಾಗ ಹೆಚ್ಚು. ರೈತರ ನಷ್ಟ ಪತ್ರಿಕೆಗಳಲ್ಲಿ ಬರುತ್ತದೆ, ಬರಬೇಕು ಕೂಡ. ರಾತ್ರಿ ಆ ಆನೆಗಳನ್ನು ಓಡಿಸಲು ಹೋಗುವವರ ಕೆಲಸ ಸುದ್ದಿಯಾಗುವುದು ಕಡಿಮೆ. ಕೈಯಲ್ಲಿ ಟಾರ್ಚು, ಪಟಾಕಿ; ಹಿಂದೆ ಕೋಪಗೊಂಡ ಊರು, ಮುಂದೆ ಬೆದರಿದ ಆನೆ. ಕತ್ತಲಲ್ಲಿ ಆನೆ ಮೂಗಿನಿಂದ ನೋಡುತ್ತದೆ, ಮನುಷ್ಯನಿಗೆ ಆ ಅನುಕೂಲವಿಲ್ಲ. ರಾಮನಗರಕ್ಕೂ ಈಚೆಗೆ ಆನೆ ಕಾರ್ಯಪಡೆ ಬಂದಿದೆ, ರೈಲು ಕಂಬಿಯ ತಡೆಬೇಲಿಗಳು ಎದ್ದಿವೆ. ಬೇಲಿ ಹೆಚ್ಚಿದಷ್ಟೂ ರಾತ್ರಿಯ ಓಡಾಟ ಕಡಿಮೆಯಾದೀತು ಎಂಬ ಆಸೆ ಕೆಲಸಗಾರರದು.

ರಾಜ್ಯದ ಈಚಿನ ಕೆಲವು ಸಾವುಗಳನ್ನು ಜೊತೆಗಿಟ್ಟು ನೋಡಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಆರಿಸುತ್ತಾ ಅರಣ್ಯ ರಕ್ಷಕ ಮುರಿಗೆಪ್ಪ ತಮ್ಮಣಗೋಳ ಮಡಿದರು. 2018ರ ಮಾರ್ಚಿನಲ್ಲಿ ಬೆಂಕಿಯ ಸ್ಥಳ ನೋಡಲು ಹೋದ ನಾಗರಹೊಳೆಯ ನಿರ್ದೇಶಕ ಎಸ್. ಮಣಿಕಂಠನ್ ಆನೆಯ ದಾಳಿಗೆ ತುತ್ತಾದರು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಆನೆಗೆ ಅರಿವಳಿಕೆ ಚುಚ್ಚುಮದ್ದು ಹಾರಿಸಲು ಹೋಗಿ ‘ಆನೆ ವೆಂಕಟೇಶ್’ ಎಂದೇ ಹೆಸರಾದವರು ಅದೇ ಆನೆಯ ಕಾಲಿಗೆ ಸಿಕ್ಕರು. ನಿವೃತ್ತಿಯ ವಯಸ್ಸು ದಾಟಿದ ಮೇಲೂ ಇಲಾಖೆಗೆ ಅವರ ಕೈಚಳಕ ಬೇಕಿತ್ತು. ನಿರ್ದೇಶಕರಿಂದ ಹಿಡಿದು ಕಾವಲುಗಾರರ ತನಕ ಅಪಾಯ ಎಲ್ಲರಿಗೂ ಒಂದೇ. ಸೆಪ್ಟೆಂಬರ್ 11 ಈಗ ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರ ಉಳಿಸಲು ಜೀವ ಕೊಟ್ಟ 363 ಬಿಷ್ಣೋಯಿಗಳ ನೆನಪಿನ ದಿನ ಅದು. ಆ 363 ಜನ ಯಾವ ಸಂಬಳದ ಪಟ್ಟಿಯಲ್ಲೂ ಇರಲಿಲ್ಲ ಎಂಬುದನ್ನು ಆ ದಿನ ನೆನೆಯುವುದು ಒಳ್ಳೆಯದು.

ಇರುಳಿಗರ ಮಾತು ಬರದೆ ಈ ಚರಿತ್ರೆ ಮುಗಿಯದು. ರಾಮನಗರ, ಮಾಗಡಿ, ಕನಕಪುರದ ಕಾಡಂಚಿನ ದೊಡ್ಡಿಗಳಲ್ಲಿರುವ ಈ ಪರಿಶಿಷ್ಟ ಪಂಗಡದ ಜನ ಜೇನು, ಗೆಡ್ಡೆ, ಮೂಲಿಕೆ ಬಲ್ಲವರು. ಕಾಡಿನ ಯಾವ ಕೆಲಸ ಬಂದರೂ ಮೊದಲು ಕರೆ ಹೋಗುವುದು ಇವರಿಗೆ. 2006ರ ಅರಣ್ಯ ಹಕ್ಕು ಕಾಯ್ದೆ ಇವರ ನೆಲದ ಹಕ್ಕಿನ ಬಗ್ಗೆ ಮಾತಾಡಿತು. ದುಡಿಮೆಯ ಅಪಾಯದ ಬಗ್ಗೆ ಮಾತಾಡುವ ಸರದಿ ಇನ್ನೂ ಬರಬೇಕು. ಹಾವಿನ ವಿಷಯವನ್ನೇ ನೋಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ತಯಾರಾಗಲು ಮೊದಲು ಹಾವಿನ ವಿಷ ಬೇಕು. ದೇಶಕ್ಕೆ ಅದನ್ನು ಬಹುಪಾಲು ಒದಗಿಸುತ್ತಾ ಬಂದದ್ದು ಚೆನ್ನೈ ಬಳಿಯ ಇರುಳರ ಸಹಕಾರ ಸಂಘ, 1978ರಲ್ಲಿ ಶುರುವಾದದ್ದು. ಹಾವು ಹಿಡಿಯುವ ಅಪಾಯದ ಕಸುಬನ್ನು ಅಲ್ಲಿ ಹೆಸರು, ಪರವಾನಗಿ, ಲೆಕ್ಕಗಳಿರುವ ಕೆಲಸವನ್ನಾಗಿ ಮಾಡಲಾಯಿತು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಆಸ್ಪತ್ರೆಗೆ ಬಂದ ಪ್ರತಿ ಕಡಿತವೂ ಲೆಕ್ಕಕ್ಕೆ ಬರಬೇಕು ಎಂಬುದು ಆಶಯ. ಆ ಲೆಕ್ಕದ ಪಕ್ಕದಲ್ಲಿ ಕಡಿತವಾದಾಗ ಏನು ಕೆಲಸ ಮಾಡುತ್ತಿದ್ದರು ಎಂಬ ಇನ್ನೊಂದು ಕಾಲಂ ತುಂಬಿದರೆ ಕಾಡಿನ ದುಡಿಮೆಯ ಅಪಾಯ ಮೊದಲ ಸಲ ಅಂಕಿಯಲ್ಲಿ ಕಾಣಿಸೀತು.

ಬೂಟು, ಮುಖಗವಸು, ವೈರ್‌ಲೆಸ್, ವಿಮೆ ಎಲ್ಲವೂ ಬೇಕು. ಅವೆಲ್ಲಕ್ಕೂ ಮೊದಲು ಕೈಗೆ ಬರಬಹುದಾದ ಮೂರು ಕಾಗದಗಳಿವೆ. ಹಂಗಾಮಿಗೆ ಬಂದ ಪ್ರತಿಯೊಬ್ಬರ ಹೆಸರಿರುವ ಹಾಜರಿ, ಅದರ ಒಂದು ಪ್ರತಿ ಅವರ ಕೈಗೆ. ಸಣ್ಣ ಪೆಟ್ಟನ್ನೂ ಅದೇ ದಿನ ಬರೆಯುವ ಅಪಘಾತದ ಪುಸ್ತಕ. ಎರಡು ವರ್ಷದ ಗಡುವು, ಅರ್ಜಿ ಕೊಡಬೇಕಾದ ಜಾಗವನ್ನು ಕನ್ನಡದಲ್ಲಿ ಹೇಳುವ ಒಂದು ಹಾಳೆ, ಪ್ರತಿ ಶಿಬಿರದ ಗೋಡೆಯ ಮೇಲೆ. ಇವಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಚರಿತ್ರೆಯ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಕೂಪಿನ ಕಾಲದ ಮೇಸ್ತ್ರಿಗಳು ಹೋದರು. ಅವರ ಕೆಳಗೆ ದುಡಿದವರಲ್ಲಿ ಕೆಲವರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಯಾವ ಬೆಟ್ಟ, ಯಾವ ವರ್ಷ, ಯಾರ ಗುಂಪು, ಎಷ್ಟು ಕೂಲಿ, ಎಲ್ಲಿ ಪೆಟ್ಟು ಎಂದು ಕೇಳಿ ಬರೆದುಕೊಳ್ಳುವುದಕ್ಕೆ ಒಂದು ನೋಟ್‌ಬುಕ್ ಸಾಕು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಆಲದ ಮರಗಳು 385 ಎಂದು ನಮಗೆಲ್ಲ ಗೊತ್ತು. ನೆಟ್ಟವರು ಕಲ್ಲಿನ ಕೆಲಸಕ್ಕೆ ಹೋಗುತ್ತಿದ್ದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಎಂದೂ ಗೊತ್ತು. ಕೊಡದಲ್ಲಿ ನೀರು ಹೊತ್ತು ಬೆಳೆಸಿದರು ಎಂದೂ ಗೊತ್ತು. 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡಾಗ ನಾಡು ಅವರನ್ನು ಹೆಸರು ಹಿಡಿದು ಕಳಿಸಿಕೊಟ್ಟಿತು. ಅದೇ ತಾಲ್ಲೂಕಿನ ಬೆಟ್ಟಗಳಲ್ಲಿ ಬೆಂಕಿ ರೇಖೆ ತೆಗೆದವರು, ಗುಂಡಿ ತೋಡಿ ಗಿಡ ಇಟ್ಟವರು ನೂರಾರು ಜನ. ಬರುವ ಜನವರಿಗೆ ಮತ್ತೆ ಬೆಂಕಿ ಕಾವಲು ಶುರುವಾಗುತ್ತದೆ. ಆಗ ಬೆಟ್ಟ ಹತ್ತುವವರ ಹೆಸರು ಹತ್ತುವ ಮೊದಲೇ ಒಂದು ಪುಸ್ತಕದಲ್ಲಿ ಬರೆದಿರಬೇಕು.